ಮೊಡವೆ ಮುಲಾಮು: ಟ್ಯೂಬ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಚಳ್ಳಕೆರೆ ಹತ್ತಿರ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಕಾಲೇಜಿಗೆ ಹೋಗುವಾಗಿನಿಂದ ಹಣೆ, ಕೆನ್ನೆ, ಗದ್ದದ ಮೇಲೆ ಮೊಡವೆ. ಅಕ್ಟೋಬರ್‌ನಲ್ಲಿ ನನ್ನ ಮದುವೆ ಗೊತ್ತಾಯಿತು. ಅಷ್ಟರೊಳಗೆ ಮುಖ ಸರಿಮಾಡಿಕೊಳ್ಳೋಣ ಎಂದು ರೀಲ್ಸ್ ನೋಡಿ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್, ಬೆಂಜಾಯಿಲ್ ಪೆರಾಕ್ಸೈಡ್ 5% ಜೆಲ್, ಕ್ಲಿಂಡಾಮೈಸಿನ್ ಜೆಲ್, ಟ್ರೆಟಿನಾಯಿನ್ 0.05% ಕ್ರೀಮ್, ನಾಲ್ಕನ್ನೂ ತಂದು ಒಟ್ಟಿಗೆ ಶುರು ಮಾಡಿದೆ. ಹತ್ತು ದಿನಕ್ಕೆ ಮುಖ ಕೆಂಪಾಗಿ ಸಿಪ್ಪೆ ಎದ್ದಿತು. ನೀರು ತಾಗಿದರೂ ಉರಿ. ಮೆಡಿಕಲ್ ಶಾಪ್‌ನಲ್ಲಿ ಹೇಳಿದಾಗ ಬೇರೆ ಕ್ರೀಮ್ ಕೊಟ್ಟರು. ಮೂರೇ ದಿನಕ್ಕೆ ಉರಿ ಹೋಯಿತು, ಮೊಡವೆ ಇಳಿಯಿತು, ಮುಖ ಬೆಳ್ಳಗೂ ಆಯಿತು. ಎರಡೂವರೆ ತಿಂಗಳಿಂದ ಅದನ್ನೇ ಹಚ್ಚುತ್ತಿದ್ದೇನೆ. ಈಗ ಎರಡು ದಿನ ಬಿಟ್ಟರೆ ಸಾಕು, ಮುಖವೆಲ್ಲ ಕೆಂಪಾಗಿ ತುರಿಸುತ್ತದೆ, ಒಂದೇ ಥರದ ಸಣ್ಣ ಗುಳ್ಳೆ ಏಳುತ್ತವೆ. ಅಮ್ಮ ಉಷ್ಣ ಅಂತಾರೆ, ಶೇಂಗಾ ಮುಟ್ಟಬೇಡ ಅಂತಾರೆ. ದೊಡ್ಡಮ್ಮ ಮದುವೆಯಾದರೆ ತಾನೇ ಹೋಗುತ್ತದೆ ಅಂತಾರೆ. ಮದುವೆ ಮೇ ತಿಂಗಳಲ್ಲಿ. ಎಲ್ಲ ಟ್ಯೂಬ್ ಬಿಸಾಡಲಾ? ಯಾವುದನ್ನು ಯಾವಾಗ ಹಚ್ಚಬೇಕು? ಇವುಗಳಿಂದ ಮುಂದೆ ಮಗುವಿಗೆ ತೊಂದರೆ ಆಗುತ್ತದಾ? ಅಂಗಡಿಯವರು ಕೊಟ್ಟ ಟ್ಯೂಬ್ ಮೇಲೆ ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂದು ಬರೆದಿದೆ.

ಉತ್ತರ:

ನೀವು ಕೊನೆಯಲ್ಲಿ ಬರೆದ ಸಾಲು ಇದೆಯಲ್ಲ, ಟ್ಯೂಬ್ ಮೇಲಿನ ಆ ಮೂರು ಹೆಸರು, ಇಡೀ ಪತ್ರದಲ್ಲಿ ಅದೇ ಮುಖ್ಯ. ಅದನ್ನು ನೋಡಿ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ "ಬಿಳಿ ಟ್ಯೂಬ್, ಹಸಿರು ಮುಚ್ಚಳ" ಎಂದಷ್ಟೇ ಹೇಳುತ್ತಾರೆ.

ನಿಮ್ಮ ಪತ್ರದಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ. ಮೊದಲನೆಯದು, ನಾಲ್ಕು ಒಳ್ಳೆಯ ಔಷಧಿಗಳನ್ನು ಒಂದೇ ಸಲ ಸುರಿದು ಚರ್ಮ ಸುಟ್ಟುಕೊಂಡದ್ದು. ಅದು ವಾಸಿಯಾಗುವಂಥದ್ದು, ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಎರಡನೆಯದು ಆ ಉರಿ ಆರಿಸಲು ಹಚ್ಚಿದ ಕ್ರೀಮ್. ನನಗೆ ಚಿಂತೆ ಇರುವುದು ಅದರ ಬಗ್ಗೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊಮೆಟಾಸೋನ್ ಒಂದು ಸ್ಟೀರಾಯ್ಡ್. ಹೈಡ್ರೋಕ್ವಿನೋನ್ ಬಣ್ಣ ತಿಳಿ ಮಾಡುವ ಔಷಧಿ. ಟ್ರೆಟಿನಾಯಿನ್ ನಿಮಗೆ ಗೊತ್ತೇ ಇದೆ, ನಿಮ್ಮ ಮುಖವನ್ನು ಮೊದಲು ಸುಟ್ಟ ನಾಲ್ಕರಲ್ಲಿ ಅದೂ ಒಂದು. ಈ ಮೂರನ್ನೂ ಸೇರಿಸುವ ಉಪಾಯ ಹಳೆಯದು. 1975ರಲ್ಲಿ ಅಮೆರಿಕದ ಚರ್ಮ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಇಂಥ ಮೂರರ ಮಿಶ್ರಣವನ್ನು ಬಂಗಿನಂಥ ಕಪ್ಪು ಕಲೆಗೆ ಬಳಸಿ ತೋರಿಸಿದರು. ಈಗಲೂ ನಾವು ಬಂಗಿಗೆ ಅದರ ಸೌಮ್ಯ ರೂಪವನ್ನು ಬರೆಯುತ್ತೇವೆ. ಕೆಲವೇ ವಾರಕ್ಕೆ, ರಾತ್ರಿ ಮಾತ್ರ, ನಡುವೆ ಕರೆಸಿ ನೋಡುತ್ತಾ. ಮೊಡವೆಗೆ ಇದು ಔಷಧಿಯೇ ಅಲ್ಲ.

ಹಾಗಾದರೆ ಮೂರು ದಿನಕ್ಕೆ ಮುಖ ತಣ್ಣಗಾದದ್ದು ಹೇಗೆ? ಸ್ಟೀರಾಯ್ಡ್‌ನ ಕೆಲಸವೇ ಅದು. ಅದು ಊತ, ಕೆಂಪು, ತುರಿಕೆಯನ್ನು ಅದುಮಿ ಹಿಡಿಯುತ್ತದೆ. ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ಮುಖ ಬೆಳ್ಳಗೆ ಕಾಣುತ್ತದೆ. ಹಾಲು ಉಕ್ಕುವಾಗ ಉರಿ ಆರಿಸದೆ ಮೇಲೆ ತಟ್ಟೆ ಮುಚ್ಚಿದ ಹಾಗೆ. ಒಳಗಿನ ಕಾರಣ ಹಾಗೇ ಇರುತ್ತದೆ. ದಿನಾ ಹಚ್ಚುತ್ತಾ ಹೋದರೆ ಮುಖದ ಚರ್ಮ ತೆಳುವಾಗುತ್ತದೆ, ಅಂಗೈ ಅಂಗಾಲಿನ ದಪ್ಪ ಚರ್ಮಕ್ಕಿಂತ ಬಹಳ ಬೇಗ. ಕೆನ್ನೆಯ ಮೇಲೆ ಕೆಂಪು ದಾರದಂಥ ಸಣ್ಣ ನಾಳಗಳು ಕಾಣತೊಡಗುತ್ತವೆ. ಕೆಲವರಿಗೆ ಮುಖದ ಮೇಲೆ ನವಿರು ಕೂದಲು ಬೆಳೆಯುತ್ತದೆ. ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಉರಿಯುತ್ತದೆ. ಆಮೇಲೆ ಸ್ಟೀರಾಯ್ಡ್‌ನಿಂದಲೇ ಬರುವ ಮೊಡವೆ ಶುರುವಾಗುತ್ತದೆ. ಅದರ ಗುರುತು ನೀವೇ ಬರೆದದ್ದು: ಎಲ್ಲವೂ ಒಂದೇ ಅಳತೆಯ, ಒಂದೇ ಥರದ ಗುಳ್ಳೆ. ಮಾಮೂಲಿ ಮೊಡವೆಯಲ್ಲಿ ಒಂದು ಕಪ್ಪು ತಲೆಯದು, ಒಂದು ಕೀವಿನದು, ಒಂದು ಗಟ್ಟಿ ಗಂಟು, ಹೀಗೆ ಕಲಬೆರಕೆ ಇರುತ್ತದೆ.

ಬಿಟ್ಟ ಕೂಡಲೇ ಎಲ್ಲ ಉಕ್ಕಿ ಬರುತ್ತದೆ. ಹಚ್ಚಿದರೆ ಇಳಿಯುತ್ತದೆ. ಹಾಗಾಗಿ ಜನ ಅದನ್ನೇ ನಂಬುತ್ತಾರೆ. ಇದು ನಿಮ್ಮೊಬ್ಬರ ತಪ್ಪಲ್ಲ. ನಮ್ಮ ದೇಶದಲ್ಲಿ ಇದು ಎಷ್ಟು ಜಾಸ್ತಿ ಎಂದರೆ ಇಲ್ಲಿನ ಚರ್ಮ ವೈದ್ಯರು ಇದಕ್ಕೆ "ಸ್ಟೀರಾಯ್ಡ್‌ನಿಂದ ಹಾಳಾದ ಮುಖ" ಎಂಬ ಅರ್ಥ ಬರುವ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಬಗೆಯ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಕೌಂಟರ್ ಮೇಲೆ ಕೇಳಿದರೆ ಸಿಗುತ್ತಿದೆ.

ಆದ್ದರಿಂದ ಯಾವ ಕ್ರೀಮ್ ಆದರೂ ಸರಿ, ಮುಖಕ್ಕೆ ತಾಗಿಸುವ ಮೊದಲು ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕಂಪನಿ ಇಟ್ಟ ದೊಡ್ಡ ಹೆಸರಲ್ಲ, ಒಳಗಿರುವ ಔಷಧಿಯ ಹೆಸರು. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಓಸಿನೋಲೋನ್, ಬೆಕ್ಲೋಮೆಥಾಸೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಎಡ ಅಂಚಿನಲ್ಲಿ ಕೆಂಪು ಗೆರೆ ಇದ್ದರೆ ಅದು ಚೀಟಿ ಬೇಕಾದ ಔಷಧಿ. ಅಕ್ಷರ ಸಣ್ಣದಾಗಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಈಗ ನೀವು ಮಾಡಬೇಕಾದದ್ದು: ಈ ವಾರವೇ ಚರ್ಮದ ಡಾಕ್ಟರ್‌ಗೆ ತೋರಿಸಿ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಾದರೂ ಸರಿ, ದಾವಣಗೆರೆಯಾದರೂ ಸರಿ. ಎರಡೂವರೆ ತಿಂಗಳು ದಿನಾ ಹಚ್ಚಿದ ಕ್ರೀಮನ್ನು ಒಂದೇ ಸಲ ನಿಲ್ಲಿಸಬಹುದಾ, ಅಥವಾ ಕಡಿಮೆ ಶಕ್ತಿಯದಕ್ಕೆ ಬದಲಾಯಿಸಿ ಮೆಲ್ಲಗೆ ಇಳಿಸಬೇಕಾ ಎನ್ನುವುದನ್ನು ಮುಖ ನೋಡಿಯೇ ಹೇಳಬೇಕು. ಉಕ್ಕುವುದನ್ನು ತಡೆಯಲು ಸ್ಟೀರಾಯ್ಡ್ ಅಲ್ಲದ ಬೇರೆ ಕ್ರೀಮ್, ಕೆಲವೊಮ್ಮೆ ಕೆಲವು ವಾರದ ಮಾತ್ರೆ ಬೇಕಾಗುತ್ತದೆ. ಬಿಟ್ಟ ಮೇಲೆ ಮೊದಲ ಎರಡು ಮೂರು ವಾರ ಮುಖ ಈಗಿಗಿಂತ ಕೆಟ್ಟದಾಗಿ ಕಾಣಬಹುದು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಹೆಚ್ಚಿನವರು ಇಲ್ಲೇ ಹೆದರಿ ವಾಪಸ್ ಅದೇ ಟ್ಯೂಬ್‌ಗೆ ಹೋಗುತ್ತಾರೆ. ಆ ದಿನಗಳಲ್ಲಿ ತಣ್ಣೀರಿನ ಬಟ್ಟೆ, ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟೇ. ಮನೆಯಲ್ಲೂ ಹೇಳಿಡಿ. ಇಲ್ಲದಿದ್ದರೆ ನೋಡಿದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ.

ಈಗ ಮೊಡವೆಯ ವಿಷಯಕ್ಕೆ ಬರೋಣ.

ಮುಖದ ಪ್ರತಿ ನವಿರು ಕೂದಲಿನ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಹರೆಯ ಬಂದ ಮೇಲೆ ಹಾರ್ಮೋನ್ ಪ್ರಭಾವದಿಂದ ಅದು ಎಣ್ಣೆ ಜಾಸ್ತಿ ಬಿಡುತ್ತದೆ. ಕೂದಲು ಹೊರಬರುವ ಆ ಸಣ್ಣ ದಾರಿಯಲ್ಲಿ ಸತ್ತ ಚರ್ಮದ ಚೂರುಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಿರಡೆ ಹಾಕಿದ ಹಾಗೆ ಬಾಯಿ ಮುಚ್ಚುತ್ತವೆ. ಒಳಗೆ ಎಣ್ಣೆ ತುಂಬುತ್ತದೆ. ನಮ್ಮೆಲ್ಲರ ಚರ್ಮದಲ್ಲೂ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಹಬ್ಬ. ಅದರ ವಿರುದ್ಧ ದೇಹ ತಿರುಗಿಬಿದ್ದಾಗ ಕೆಂಪಾಗುತ್ತದೆ, ಕೀವು ಬರುತ್ತದೆ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆಯಲ್ಲ. ಚರ್ಮದ ಬಣ್ಣ ಮತ್ತು ಗಾಳಿ ತಾಗಿ ಕಪ್ಪಾದ ಎಣ್ಣೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಉಜ್ಜಿದಷ್ಟೂ ಸುತ್ತಲಿನ ಚರ್ಮ ಕೆರಳುತ್ತದೆ.

ಇಲ್ಲೊಂದು ಮಾತು ಗಮನಿಸಿ. ಬಿರಡೆ ಕಟ್ಟಲು ಶುರುವಾದ ದಿನದಿಂದ ಮೊಡವೆ ಕಣ್ಣಿಗೆ ಕಾಣುವವರೆಗೆ ಸುಮಾರು ಎಂಟು ವಾರ ಹಿಡಿಯುತ್ತದೆ. ಇವತ್ತು ಗದ್ದದ ಮೇಲೆ ಎದ್ದ ಮೊಡವೆ ಎರಡು ತಿಂಗಳ ಹಿಂದೆ ಹುಟ್ಟಿದ್ದು. ಅದಕ್ಕೇ ಮೊಡವೆ ಕಂಡಲ್ಲಿ ಮಾತ್ರ ಚುಕ್ಕೆ ಇಟ್ಟ ಹಾಗೆ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು, ಈಗ ಏನೂ ಕಾಣದ ಜಾಗಕ್ಕೂ. ಎಂಟರಿಂದ ಹನ್ನೆರಡು ವಾರ ಆಗದೆ ಇದು ಕೆಲಸ ಮಾಡಲಿಲ್ಲ ಎಂದು ಹೇಳಲೂ ಆಗದು. ಹದಿನೈದು ದಿನಕ್ಕೊಂದು ಕ್ರೀಮ್ ಬದಲಾಯಿಸುವವರಿಗೆ ಯಾವ ಕ್ರೀಮೂ ಕೆಲಸ ಮಾಡದೆ ಇರುವುದು ಇದಕ್ಕೇ.

ಉಷ್ಣದ ಮಾತು. ಅಮ್ಮ ಹೇಳುವ ಉಷ್ಣದಿಂದ ಮೊಡವೆ ಬರುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಎಣ್ಣೆ ಮಿಲ್ಲುಗಳ ಊರಿನಲ್ಲಿದ್ದು ಶೇಂಗಾ ಬಿಡುವುದು ಸುಲಭವೂ ಅಲ್ಲ, ಬೇಕಾಗಿಯೂ ಇಲ್ಲ. ತಿಂದ ಎಣ್ಣೆ ನೇರವಾಗಿ ಮುಖದಲ್ಲಿ ಒಸರುವುದಿಲ್ಲ. ಸಂಬಂಧ ಕಂಡಿರುವುದು ರಕ್ತದಲ್ಲಿ ಸಕ್ಕರೆಯನ್ನು ಗಬಕ್ಕನೆ ಏರಿಸುವ ತಿಂಡಿಗಳಿಗೆ, ಅಂದರೆ ಸಿಹಿ, ಕೂಲ್‌ಡ್ರಿಂಕ್ಸ್, ಮೈದಾ, ಮತ್ತು ಕೆಲವರಲ್ಲಿ ಹಾಲಿಗೆ. ಅವನ್ನು ಕಡಿಮೆ ಮಾಡಿ ನೋಡಬಹುದು. ಹಣೆಯ ಮೊಡವೆಗೆ ಇನ್ನೊಂದು ಕಾರಣ ತಲೆಗೆ ಹಾಕುವ ಕೊಬ್ಬರಿ ಎಣ್ಣೆ. ಅದು ಹಣೆಗಿಳಿದು ದಾರಿ ಮುಚ್ಚುತ್ತದೆ. ಎಣ್ಣೆ ಬಿಡಬೇಡಿ, ಹಚ್ಚಿ ಒಂದೆರಡು ಗಂಟೆಯಲ್ಲಿ ತಲೆ ತೊಳೆಯಿರಿ, ರಾತ್ರಿಯಿಡೀ ಬಿಟ್ಟು ದಿಂಬಿಗೂ ಮುಖಕ್ಕೂ ಹರಡುವುದು ಬೇಡ. ಇನ್ನು ದೊಡ್ಡಮ್ಮನ ಮಾತು. ಮದುವೆಗೂ ಮೊಡವೆಗೂ ಸಂಬಂಧ ಇಲ್ಲ. ವಯಸ್ಸು ಏರಿದಂತೆ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಆ ವಯಸ್ಸಿಗೆ ಮದುವೆಯೂ ಆಗಿರುತ್ತದೆ, ಅಷ್ಟೇ. ಆದರೆ ಗದ್ದ, ದವಡೆ ಸಾಲಿನಲ್ಲಿ ಮೊಡವೆ ಜಾಸ್ತಿ ಇದ್ದು, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದು, ಮೀಸೆ ಗದ್ದದ ಜಾಗದಲ್ಲಿ ಕೂದಲು ಬೆಳೆಯುತ್ತಿದ್ದರೆ ಡಾಕ್ಟರ್‌ಗೆ ಹೇಳಲೇಬೇಕು. ಅದು ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರಬಹುದು. ಆಗ ಬರೀ ಮುಲಾಮು ಸಾಲದು.

ನಿಂಬೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ ಮೂರನ್ನೂ ಮುಖದ ಹತ್ತಿರ ತರಬೇಡಿ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗಾಯದಂಥ ಕಪ್ಪು ಕಲೆ ಆಗುತ್ತದೆ. ನಾನು ನೋಡಿದ್ದೇನೆ.

ಈಗ ನಿಮ್ಮ ಹತ್ತಿರ ಇರುವ ನಾಲ್ಕು ಟ್ಯೂಬ್. ಯಾವುದೂ ಕೆಟ್ಟದ್ದಲ್ಲ.

ಟ್ರೆಟಿನಾಯಿನ್ ವಿಟಮಿನ್ ಎ ಕುಟುಂಬದ್ದು. 1960ರ ದಶಕದ ಕೊನೆಯಿಂದ ಮೊಡವೆಗೆ ಬಳಕೆಯಲ್ಲಿದೆ. ಬಿರಡೆ ಕಟ್ಟದ ಹಾಗೆ ನೋಡಿಕೊಳ್ಳುವುದು ಇದರ ಕೆಲಸ, ಹಾಗಾಗಿ ಮೊಡವೆ ಚಿಕಿತ್ಸೆಗೆ ಬುಡ ಇದೇ. ಇದರ ತಂಗಿ ಅಡಾಪಲೀನ್. ಅದು ಸ್ವಲ್ಪ ಸೌಮ್ಯ. ಅಮೆರಿಕದಲ್ಲಿ 2016ರಿಂದ 0.1% ಅಡಾಪಲೀನ್ ಚೀಟಿ ಇಲ್ಲದೆ ಸಿಗುತ್ತದೆ, ರೀಲ್ಸ್‌ನವರು ಅದನ್ನು ಸುಮ್ನೆ ಹಚ್ಚಿ ಎನ್ನುವುದು ಅದಕ್ಕೇ. ನಮ್ಮಲ್ಲಿ ಚೀಟಿ ಬೇಕು. ಹೊಸಬರಿಗೆ ನಾನು ಟ್ರೆಟಿನಾಯಿನ್ 0.025% ಅಥವಾ ಅಡಾಪಲೀನ್ 0.1% ಬರೆಯುತ್ತೇನೆ. ನೀವು ಮೊದಲ ದಿನವೇ 0.05% ಹಿಡಿದಿದ್ದೀರಿ, ಅದೂ ದಿನಾ.

ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಇದರ ದೊಡ್ಡ ಗುಣ ಎಂದರೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಎಷ್ಟು ವರ್ಷ ಬಳಸಿದರೂ. ಶಕ್ತಿ ಜಾಸ್ತಿ ಇದ್ದರೆ ಕೆಲಸ ಜಾಸ್ತಿ ಎಂದುಕೊಳ್ಳಬೇಡಿ. ಕೆಂಪು, ಕೀವಿನ ಮೊಡವೆಗೆ 2.5% ಕೂಡ 10%ದಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಇದಕ್ಕೊಂದು ವಿಚಿತ್ರ ಗುಣ ಇದೆ, ಬಟ್ಟೆಯ ಬಣ್ಣ ತಿನ್ನುತ್ತದೆ. ಒಮ್ಮೆ ಒಬ್ಬ ತಾಯಿ ಮಗನ ದಿಂಬಿನ ಕವರನ್ನೇ ಮಡಚಿ ತಂದು ನನ್ನ ಟೇಬಲ್ ಮೇಲೆ ಹರಡಿದರು. ಮೆರೂನ್ ಬಟ್ಟೆ. ಕೆನ್ನೆ ಒರಗುವ ಜಾಗದಲ್ಲಿ ಅಂಗೈ ಅಗಲದ ಕಿತ್ತಳೆ ಕಲೆ, ಅಂಚಿನಲ್ಲಿ ಹಳದಿ. "ಬಟ್ಟೆಯನ್ನೇ ಹೀಗೆ ಸುಟ್ಟರೆ ಮಗನ ಮುಖ ಏನಾಗಬೇಕು ಡಾಕ್ಟ್ರೇ?" ಎಂದು ಕೇಳಿದರು. ಅವರ ಭಯ ಸಹಜ. ಆದರೆ ಅದು ಸುಟ್ಟದ್ದಲ್ಲ, ಬ್ಲೀಚ್ ಆದದ್ದು. ಚರ್ಮದ ಬಣ್ಣಕ್ಕೆ ಅದು ಹಾಗೆ ಮಾಡುವುದಿಲ್ಲ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದೆ. ನಿಮಗೂ ಅದೇ ಮಾತು. ರೇಷ್ಮೆ ಸೀರೆ, ರವಿಕೆ ಕತ್ತಿನ ಹತ್ತಿರ ಜೋಪಾನ. ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯಲ್ಲೋ ಗಾಡಿಯ ಡಿಕ್ಕಿಯಲ್ಲೋ ಇಡಬೇಡಿ. ಬಿಸಿಗೆ ಈ ಔಷಧಿ ಒಡೆದು ಬೆಂಜೀನ್ ಎಂಬ ಬೇಡದ ವಸ್ತು ಹುಟ್ಟಬಹುದು. ಬೇಸಿಗೆಯ ಚಳ್ಳಕೆರೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಮನೆಯಲ್ಲಿ ತಂಪಾದ ಕಡೆ ಇಡಿ, ಅವಧಿ ಮುಗಿದದ್ದನ್ನು ಎಸೆಯಿರಿ.

ಇನ್ನೊಂದು ಸಂಗತಿ, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ: ಟ್ರೆಟಿನಾಯಿನ್ ಮೇಲೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಿದರೆ ಅದು ಟ್ರೆಟಿನಾಯಿನ್ ಅನ್ನು ಕೆಡಿಸುತ್ತದೆ. ಬೆಳಕೂ ಕೆಡಿಸುತ್ತದೆ. ಅಂದರೆ ನೀವು ಆ ಹತ್ತು ದಿನ ಉರಿಯನ್ನು ಪೂರ್ತಿ ಅನುಭವಿಸಿದಿರಿ, ಲಾಭವನ್ನು ಅರ್ಧಕ್ಕೆ ಕಳೆದುಕೊಂಡಿರಿ. ಎರಡೂ ಬೇಕಾದವರಿಗೆ ಪೆರಾಕ್ಸೈಡ್ ಬೆಳಿಗ್ಗೆ, ಟ್ರೆಟಿನಾಯಿನ್ ರಾತ್ರಿ. ಅಡಾಪಲೀನ್‌ಗೆ ಈ ತೊಂದರೆ ಇಲ್ಲ, ಅದನ್ನು ಪೆರಾಕ್ಸೈಡ್ ಜೊತೆ ಒಂದೇ ಟ್ಯೂಬ್‌ನಲ್ಲಿ ಸೇರಿಸಿಯೇ ಮಾರುತ್ತಾರೆ.

ಕ್ಲಿಂಡಾಮೈಸಿನ್ ಆಂಟಿಬಯೋಟಿಕ್. ಇದನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚಬಾರದು. ಬ್ಯಾಕ್ಟೀರಿಯಾ ಬೇಗ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ನೀರು ಹಚ್ಚಿದ ಹಾಗೆ. ಹಚ್ಚುವುದಾದರೆ ಬೆಂಜಾಯಿಲ್ ಪೆರಾಕ್ಸೈಡ್ ಜೊತೆ, ಸುಮಾರು ಮೂರು ತಿಂಗಳ ಒಳಗೆ ಮುಗಿಸಬೇಕು. ಎರಡು ವರ್ಷದಿಂದ ಅದೊಂದನ್ನೇ ಹಚ್ಚುತ್ತಿರುವವರು ನನ್ನ ಹತ್ತಿರ ಬರುತ್ತಾರೆ. ಹಾಗೆ ಮಾಡಬೇಡಿ. ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಎಣ್ಣೆ ಚರ್ಮಕ್ಕೆ ಸಣ್ಣ ಸಹಾಯ. ಟ್ರೆಟಿನಾಯಿನ್ ಹಚ್ಚುವವರಿಗೆ ಅದು ಬೇಡ, ಸಾದಾ ಸೌಮ್ಯ ಫೇಸ್‌ವಾಶ್ ಸಾಕು. ಮೈ ಸೋಪು ಮುಖಕ್ಕೆ ಬೇಡ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಅದು ನೊರೆಯೂ ಬರುವುದಿಲ್ಲ, ಬಂದಿಲ್ಲ ಎಂದು ನಾವು ಇನ್ನಷ್ಟು ಉಜ್ಜುತ್ತೇವೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ನಿಮಗೆ ಹೊಂದಬಹುದಾದ ಒಂದು ಔಷಧಿ ಅಜೆಲಾಯಿಕ್ ಆಸಿಡ್. 10%, 15%, 20% ಹೀಗೆ ಬರುತ್ತದೆ. ಮೊಡವೆಗೂ ಆಗುತ್ತದೆ, ಮೊಡವೆ ಬಿಟ್ಟುಹೋದ ಕಪ್ಪು ಕಲೆಗೂ ಆಗುತ್ತದೆ. ಹಚ್ಚಿದಾಗ ಸ್ವಲ್ಪ ಚುರುಚುರು ಅನ್ನುತ್ತದೆ, ತುರಿಸಬಹುದು, ಕೆಲವು ವಾರದಲ್ಲಿ ಅಭ್ಯಾಸವಾಗುತ್ತದೆ. ಇದರ ಕೆಲಸ ನಿಧಾನ. ಸ್ಟೀರಾಯ್ಡ್‌ನಿಂದ ನೊಂದ ಮುಖಕ್ಕೆ ಮುಂದೆ ಡಾಕ್ಟರ್ ಇದನ್ನೇ ಮೊದಲು ಕೊಟ್ಟರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಮೇ ತಿಂಗಳಿಗೆ ಇನ್ನು ಮೂರೂವರೆ ತಿಂಗಳಿದೆ. ನಾನಾಗಿದ್ದರೆ ಮೊದಲ ಮೂರು ನಾಲ್ಕು ವಾರ ಯಾವ ಮೊಡವೆ ಮುಲಾಮನ್ನೂ ಹಚ್ಚಿಸುವುದಿಲ್ಲ. ಸ್ಟೀರಾಯ್ಡ್ ಬಿಡಿಸುವುದು, ಚರ್ಮ ಗಟ್ಟಿಯಾಗುವುದು, ಅಷ್ಟೇ ಕೆಲಸ. ನೀರು ತಾಗಿದರೆ ಉರಿಯದ ಹಾಗಾದ ಮೇಲೆ ಒಂದೇ ಒಂದು ಔಷಧಿ. ನೆನಪಿರಲಿ, ಒಂದೇ. ಅಡಾಪಲೀನ್ ಎಂದುಕೊಳ್ಳೋಣ. ಮೊದಲು ಕಿವಿಯ ಹತ್ತಿರ ಅಥವಾ ದವಡೆ ಕೆಳಗೆ ಸ್ವಲ್ಪ ಜಾಗಕ್ಕೆ ಮೂರು ದಿನ ಹಚ್ಚಿ ನೋಡಿ. ಬೆಂಜಾಯಿಲ್ ಪೆರಾಕ್ಸೈಡ್, ಸ್ಯಾಲಿಸಿಲಿಕ್ ಆಸಿಡ್ ಇರುವ ಮೊಡವೆ ಔಷಧಿಗಳಿಗೆ ಹೀಗೆ ಪರೀಕ್ಷೆ ಮಾಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಹೇಳಿದೆ, ಏಕೆಂದರೆ ತೀರಾ ಅಪರೂಪಕ್ಕೆ ಕೆಲವರಿಗೆ ಜೋರು ಅಲರ್ಜಿ ಆಗಿತ್ತು. ಎಲ್ಲ ಹೊಸ ಮುಲಾಮಿಗೂ ಅದು ಒಳ್ಳೆಯ ಅಭ್ಯಾಸ.

ಸರಿಹೋದರೆ ವಾರಕ್ಕೆ ಎರಡು ರಾತ್ರಿ, ಉದಾಹರಣೆಗೆ ಸೋಮವಾರ, ಗುರುವಾರ. ಮುಖ ತೊಳೆದು, ಒತ್ತಿ ಒರೆಸಿ, ಹದಿನೈದು ಇಪ್ಪತ್ತು ನಿಮಿಷ ಪೂರ್ತಿ ಒಣಗಲು ಬಿಡಿ. ಒದ್ದೆ ಮುಖಕ್ಕೆ ಹಚ್ಚಿದರೆ ಔಷಧಿ ಜಾಸ್ತಿ ಒಳಗಿಳಿದು ಉರಿಯುತ್ತದೆ. ಮೊದಲು ಮಾಯಿಶ್ಚರೈಸರ್, ಮೇಲೆ ಔಷಧಿ, ಬೇಕಿದ್ದರೆ ಮತ್ತೆ ಮಾಯಿಶ್ಚರೈಸರ್. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ನಿಜವಾಗಲೂ ಅಷ್ಟೇ. ಬೆರಳ ತುದಿಗೆ ಹಿಂಡಿಕೊಂಡು ಹಣೆ, ಎರಡು ಕೆನ್ನೆ, ಗದ್ದಕ್ಕೆ ಒಂದೊಂದು ಚುಕ್ಕೆ ಇಟ್ಟು ಹರಡಿ. ಹರಡಿದ ಮೇಲೆ ಮುಖದ ಮೇಲೆ ಬಿಳಿ ಕಂಡರೆ ಜಾಸ್ತಿ ಆಯಿತು ಎಂದರ್ಥ. ಕಣ್ಣಿನ ಸುತ್ತ, ಮೂಗಿನ ಅಂಚು, ಬಾಯಿಯ ಮೂಲೆ ಬಿಟ್ಟುಬಿಡಿ. ಸಿಪ್ಪೆ ಮೊದಲು ಏಳುವುದು ಅಲ್ಲೇ. ಎರಡು ವಾರ ಹೀಗೆ ಮಾಡಿ, ತಡೆದರೆ ದಿನ ಬಿಟ್ಟು ದಿನ. ದಿನಾ ಹಚ್ಚುವ ಹಂತಕ್ಕೆ ಬರಲು ಒಂದೂವರೆ ತಿಂಗಳಾದರೂ ಪರವಾಗಿಲ್ಲ, ಬರದಿದ್ದರೂ ಪರವಾಗಿಲ್ಲ.

ಶುರುವಿನ ಕೆಲವು ವಾರ ಮೊಡವೆ ಜಾಸ್ತಿ ಆದ ಹಾಗೆ ಕಾಣಬಹುದು. ಒಳಗೆ ಅವಿತಿದ್ದವು ಬೇಗ ಹೊರಬರುತ್ತವೆ. ಆರು ವಾರ ದಾಟಿಯೂ ಏರುತ್ತಲೇ ಇದ್ದರೆ ಡಾಕ್ಟರ್‌ಗೆ ತೋರಿಸಿ. ಸ್ವಲ್ಪ ಒಣಗುವುದು, ಸ್ವಲ್ಪ ಸಿಪ್ಪೆ, ಇದು ನಡೆಯುತ್ತದೆ, ಎರಡು ದಿನ ಬಿಟ್ಟು ಮತ್ತೆ ಹಚ್ಚಿ. ಆದರೆ ಕಣ್ಣರೆಪ್ಪೆ ಊದಿದರೆ, ನೀರು ಒಸರಿದರೆ, ಮೈಗೆಲ್ಲ ದದ್ದು ಎದ್ದರೆ ಅದು ಅಲರ್ಜಿ, ಆ ಔಷಧಿ ಅಲ್ಲಿಗೇ ನಿಲ್ಲಬೇಕು. ಗಂಟಲು ಬಿಗಿದು ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೆಳಿಗ್ಗೆ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್, ಜೆಲ್ ಥರದ್ದು. ಶಾಲೆಯ ಪ್ರಾರ್ಥನೆ, ಆಟದ ಪೀರಿಯಡ್, ಬಸ್ ಕಾಯುವುದು, ನಿಮಗೆ ಬಿಸಿಲು ತಪ್ಪುವುದಿಲ್ಲ. ಕಲೆ ಕಪ್ಪಾಗುವುದಕ್ಕೆ ಮೊಡವೆಗಿಂತ ಬಿಸಿಲೇ ಹೆಚ್ಚು ಕಾರಣ ಆಗಿರುತ್ತದೆ. ಜೊತೆಗೆ ಛತ್ರಿ ಹಿಡಿಯಿರಿ.

ಮದುವೆಯ ದಿನ ಮುಖ ಹೇಗಿರುತ್ತದೆ? ಸುಳ್ಳು ಭರವಸೆ ಕೊಡುವುದಿಲ್ಲ. ಎಲ್ಲ ಸರಿಯಾಗಿ ನಡೆದರೆ ಹೊಸ ಮೊಡವೆ ಕಡಿಮೆಯಾಗಿರುತ್ತದೆ, ಕೆಂಪು ಇಳಿದಿರುತ್ತದೆ. ಹಳೆಯ ಕಪ್ಪು ಕಲೆಗಳು ಪೂರ್ತಿ ಹೋಗಿರುವುದಿಲ್ಲ, ಅವಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಅವನ್ನು ಮೇಕಪ್ ಮುಚ್ಚುತ್ತದೆ. ಸಿಪ್ಪೆ ಏಳುವ ಚರ್ಮವನ್ನು ಯಾವ ಮೇಕಪ್ಪೂ ಮುಚ್ಚಲಾರದು. ಹಾಗಾಗಿ ಕೊನೆಯ ತಿಂಗಳು ಹೊಸದೇನೂ ಬೇಡ: ಹೊಸ ಕ್ರೀಮ್ ಬೇಡ, ಬ್ಲೀಚ್ ಬೇಡ, ಫೇಶಿಯಲ್ ಬೇಡ. ಅಡಾಪಲೀನ್, ಟ್ರೆಟಿನಾಯಿನ್ ಹಚ್ಚುವವರು ಮೇಲ್ದುಟಿ, ಮುಖಕ್ಕೆ ವ್ಯಾಕ್ಸ್ ಮಾಡಿಸಬಾರದು, ಮೇಣದ ಜೊತೆ ಚರ್ಮವೂ ಕಿತ್ತು ಬರುತ್ತದೆ. ಪಾರ್ಲರ್‌ನವರಿಗೆ ಮೊದಲೇ ಹೇಳಿ. ಅರಿಶಿನ ಶಾಸ್ತ್ರಕ್ಕೆ ಒಂದು ವಾರ ಮೊದಲೇ ರಾತ್ರಿಯ ಔಷಧಿ ನಿಲ್ಲಿಸಿ. ಆ ದಿನ ಮನೆಯ ಹಿರಿಯರಿಗೆ ಹೇಳಿ, ಕೆನ್ನೆಗೆ ಶಾಸ್ತ್ರಕ್ಕೊಂದು ಬೆರಳು, ಉಳಿದದ್ದು ಕೈಕಾಲಿಗೆ. ಕಡಲೆಹಿಟ್ಟಿನಲ್ಲಿ ಮುಖ ಉಜ್ಜಿ ತೆಗೆಯುವುದು ಬೇಡ, ನೀರಿನಲ್ಲಿ ತೊಳೆದರೆ ಸಾಕು. ಪ್ರೀತಿಯಿಂದ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಲಾಮಿನಿಂದ ಆಗದ ಕೆಲಸವೂ ಇದೆ. ಮುಟ್ಟಿದರೆ ನೋಯುವ ಆಳದ ಗಂಟುಗಳು, ವಾಸಿಯಾದ ಮೇಲೆ ಗುಂಡಿ ಬೀಳುವ ಮೊಡವೆ, ಎದೆ ಬೆನ್ನಿಗೆಲ್ಲ ಹರಡಿದ್ದು, ಇವಕ್ಕೆ ಮಾತ್ರೆ ಬೇಕು. ಗುಂಡಿ ಬಿದ್ದ ಮೇಲೆ ತುಂಬುವುದು ಕಷ್ಟ, ಅದಕ್ಕೇ ಅಂಥವರು ಟ್ಯೂಬ್ ಪ್ರಯೋಗ ಮಾಡುತ್ತಾ ವರ್ಷ ಕಳೆಯಬಾರದು.

ಇನ್ನು ಮಗುವಿನ ಪ್ರಶ್ನೆ. ಇದನ್ನು ಕೇಳಲು ಎಷ್ಟೋ ಜನ ನಾಚುತ್ತಾರೆ, ನೀವು ಕೇಳಿದ್ದು ಒಳ್ಳೆಯದು. ಹಚ್ಚುವ ಟ್ರೆಟಿನಾಯಿನ್, ಅಡಾಪಲೀನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದರೂ ವಿಟಮಿನ್ ಎ ಕುಟುಂಬದ್ದು ಎಂಬ ಕಾರಣಕ್ಕೆ ಬಸುರಿಯರಿಗೆ ನಾವು ಕೊಡುವುದಿಲ್ಲ. ಮಗು ಬೇಕು ಎಂದುಕೊಂಡಾಗಲೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ದೇಹದಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ, ಈಗ ಹಚ್ಚಿದ್ದರಿಂದ ಮುಂದಿನ ಮಗುವಿಗೆ ತೊಂದರೆ ಇಲ್ಲ. ಗೊತ್ತಿಲ್ಲದೆ ಹಚ್ಚುತ್ತಿರುವಾಗಲೇ ಗರ್ಭ ನಿಂತರೆ ಗಾಬರಿಯಾಗಬೇಡಿ, ನಿಲ್ಲಿಸಿ, ಡಾಕ್ಟರ್‌ಗೆ ತಿಳಿಸಿ. ಹೈಡ್ರೋಕ್ವಿನೋನ್ ಚರ್ಮದ ಮೂಲಕ ಸಾಕಷ್ಟು ಒಳಗೆ ಹೋಗುತ್ತದೆ, ಅದೂ ಬಸುರಿನಲ್ಲಿ ಬೇಡ. ಆ ಸಮಯಕ್ಕೆ ಆಗುವುದು ಅಜೆಲಾಯಿಕ್ ಆಸಿಡ್, ಬೆಂಜಾಯಿಲ್ ಪೆರಾಕ್ಸೈಡ್. ಜೋರು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯ ಮಾತು ಬೇರೆ. ಅದು ಹೊಟ್ಟೆಯಲ್ಲಿರುವ ಮಗುವಿಗೆ ನಿಜವಾಗಿಯೂ ಅಪಾಯ. ನುಂಗುತ್ತಿರುವಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ಗರ್ಭ ನಿಲ್ಲಲೇಬಾರದು. ಮೇ ತಿಂಗಳಲ್ಲಿ ಮದುವೆ ಇದೆ ಎಂದು ಡಾಕ್ಟರ್‌ಗೆ ಮೊದಲೇ ಹೇಳಿಬಿಡಿ, ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆಯುತ್ತಾರೆ.

ಟ್ಯೂಬ್‌ಗಳನ್ನು ಬಿಸಾಡಬೇಡಿ, ಸದ್ಯಕ್ಕೆ. ಖಾಲಿಯಾದದ್ದೂ ಸೇರಿ ಐದನ್ನೂ ಒಂದು ಕವರ್‌ಗೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ, ಯಾವುದನ್ನು ಯಾವತ್ತಿನಿಂದ ಹಚ್ಚಿದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಳೆದ ಮೂರು ಮುಟ್ಟಿನ ದಿನಾಂಕವನ್ನೂ ಬರೆಯಿರಿ. ಅವತ್ತು ಮುಖಕ್ಕೆ ಪೌಡರ್, ಕ್ರೀಮ್ ಏನೂ ಹಚ್ಚದೆ ಹೋಗಿ.